ಎಮ್ಮಿ ಮತ್ತು ಒಂದು ಸ್ಟೀಲ್ ಲೋಟ

"ಎಮ್ಮಿ ಪ್ರಶಸ್ತಿ ಅಂದ್ರ ಯಾವ ಎಮ್ಮಿಗ್ರೀ? ಹಾಲು ಹೆಚ್ಚು ಕೊಡೋ ಎಮ್ಮಿಗೋ, ಹಾಯೋ ಎಮ್ಮಿಗೋ?" ಎಂದು ನನ್ನಾಕೆ ಕೇಳಿದಾಗ ಮಗಳು ನಗು ತಡೆಯಲಾರದೆ ಸೋಫಾದ ಮೇಲೆ ಹೊರಳಾಡಿದಳು. ನನ್ನಾಕೆ ಧಾರವಾಡದ ಕಡೆಯವಳು. ಆ ಕಡೆಯಲ್ಲಿ ಎಮ್ಮೆಗೆ ಎಮ್ಮಿ ಎಂದೇ ಹೆಸರು. ನಲವತ್ತು ವರ್ಷ ಮಲೆನಾಡಿನ ಮಳೆಯಲ್ಲಿ ನೆನೆದರೂ ಅವಳ ಮಾತಿನ ಬಣ್ಣ ಒಂದಿಷ್ಟೂ ಬಿಟ್ಟಿಲ್ಲ. ಅಮೆರಿಕದಲ್ಲಿ ಕಳೆದ ಆರು ತಿಂಗಳಲ್ಲಿ ಬಿಡುವ ಸಂಭವವಂತೂ ಇರಲಿಲ್ಲ.

ಅಂದು 2025ರ ಸೆಪ್ಟೆಂಬರ್ 14, ಭಾನುವಾರ. ಶಿವಮೊಗ್ಗದ ಮನೆಗೆ ಬೀಗ ಹಾಕಿ, ಪಕ್ಕದ ಮನೆಯವರಿಗೆ ತುಳಸಿಗೆ ನೀರು ಹಾಕುವ ಹೊಣೆ ಒಪ್ಪಿಸಿ, ನಾವಿಬ್ಬರೂ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದೆವು. ರಾತ್ರಿ ಎಂಟು ಗಂಟೆಗೆ ಲಾಸ್ ಏಂಜಲೀಸ್‌ನ ಪೀಕಾಕ್ ಥಿಯೇಟರಿನಿಂದ 77ನೆಯ ಎಮ್ಮಿ ಪ್ರಶಸ್ತಿ ಪ್ರದಾನ ಸಮಾರಂಭದ ನೇರ ಪ್ರಸಾರ. ಅಳಿಯ ಜೋಳದ ಅರಳು ಹುರಿದು ತಂದರು. ಅವಲಕ್ಕಿಗೆ ಒಗ್ಗರಣೆ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ನನಗೆ ಅನ್ನಿಸಿದರೂ ಬಾಯಿ ಬಿಡಲಿಲ್ಲ. ಮಗಳ ಮನೆಗೆ ಹೋದ ತಂದೆ ಬಾಯಿ ಬಿಡದಿರುವುದೇ ಲೇಸು.

ಪಾಠ ಹೇಳುವ ಚಟ ನಿವೃತ್ತಿಯ ನಂತರವೂ ಬಿಡುವುದಿಲ್ಲವಾದ್ದರಿಂದ, ಶ್ರೀಮತಿಯ ಎಮ್ಮಿಯ ಸಂದೇಹವನ್ನು ಪರಿಹರಿಸಲು ತೊಡಗಿದೆ. ದೂರದರ್ಶನದ ಆರಂಭದ ಕಾಲದಲ್ಲಿ ಕ್ಯಾಮೆರಾದೊಳಗೆ 'ಇಮೇಜ್ ಆರ್ಥಿಕಾನ್' ಎಂಬ ಕೊಳವೆಯೊಂದಿರುತ್ತಿತ್ತು. ದೃಶ್ಯವನ್ನು ಹಿಡಿದು ವಿದ್ಯುತ್ ಸಂಕೇತವಾಗಿಸುವುದು ಅದರ ಕೆಲಸ. ಕೆಲಸಗಾರರು ಅದನ್ನು ಪ್ರೀತಿಯಿಂದ 'ಇಮ್ಮಿ' ಎನ್ನುತ್ತಿದ್ದರು. ಪ್ರಶಸ್ತಿಗೆ ಆ ಹೆಸರನ್ನೇ ಇಡೋಣ ಎಂದು ಎಂಜಿನಿಯರ್ ಹ್ಯಾರಿ ಲಬ್ಕಿ ಸೂಚಿಸಿದರು. ಪ್ರಶಸ್ತಿಯ ವಿಗ್ರಹ ಸ್ತ್ರೀರೂಪದ್ದಾಗಿದ್ದುದರಿಂದ ಇಮ್ಮಿ ಹೋಗಿ ಎಮ್ಮಿ ಆಯಿತು. ಆ ವಿಗ್ರಹವನ್ನು ರೂಪಿಸಿದ ಲೂಯಿ ಮೆಕ್‌ಮ್ಯಾನಸ್ ಕೂಡ ಎಂಜಿನಿಯರರೇ. ತಮ್ಮ ಹೆಂಡತಿಯನ್ನೇ ಮಾದರಿಯಾಗಿ ನಿಲ್ಲಿಸಿಕೊಂಡರಂತೆ. ರೆಕ್ಕೆಯುಳ್ಳ ಹೆಣ್ಣು, ಎತ್ತಿದ ಕೈಯಲ್ಲಿ ಒಂದು ಪರಮಾಣು. ರೆಕ್ಕೆ ಕಲೆಯ ಗುರುತು, ಪರಮಾಣು ವಿಜ್ಞಾನದ ಗುರುತು. ತೂಕ ಸುಮಾರು ಮೂರು ಕಿಲೋ.

"ಹೆಂಡ್ತೀನ್ನ ನಿಲ್ಲಿಸಿ ಮೂರ್ತಿ ಮಾಡಿದ್ನಂತ. ನೀವು ಒಂದು ಫೋಟೋ ಆದ್ರೂ ನೆಟ್ಟಗ ತಗದೀರೇನು?" ಎಂಬ ಪ್ರತಿಕ್ರಿಯೆ ಬಂದದ್ದರಿಂದ ಪಾಠವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.

ಓದುಗ ಮಿತ್ರರಿಗಾದರೂ ಮುಂದಿನ ಭಾಗವನ್ನು ಹೇಳಿಬಿಡುತ್ತೇನೆ. ಮೊದಲ ಎಮ್ಮಿ ಸಮಾರಂಭ ನಡೆದದ್ದು 1949ರ ಜನವರಿ 25ರಂದು, ಹಾಲಿವುಡ್ ಅಥ್ಲೆಟಿಕ್ ಕ್ಲಬ್ಬಿನಲ್ಲಿ. ಟಿಕೆಟ್ಟಿನ ದರ ಐದು ಡಾಲರ್. ಇಡೀ ದೇಶದ ಮಾತು ಹಾಗಿರಲಿ, ಲಾಸ್ ಏಂಜಲೀಸ್ ಸುತ್ತಮುತ್ತ ಪ್ರಸಾರವಾದ ಕಾರ್ಯಕ್ರಮಗಳಿಗಷ್ಟೇ ಅಂದು ಪ್ರಶಸ್ತಿ. ಕೊಟ್ಟದ್ದು ಬೆರಳೆಣಿಕೆಯಷ್ಟು. ಅತ್ಯುತ್ತಮ ವ್ಯಕ್ತಿಯೆಂದು ಗೆದ್ದವಳು ಶರ್ಲಿ ಡಿನ್ಸ್‌ಡೇಲ್ ಎಂಬ ಇಪ್ಪತ್ತರ ಹುಡುಗಿ. ತುಟಿ ಅಲುಗಿಸದೆ ತೊಡೆಯ ಮೇಲಿನ ಗೊಂಬೆಯನ್ನು ಮಾತನಾಡಿಸುವುದು ಅವಳ ಕಲೆ. ಜಗತ್ತಿನ ಅತಿ ದೊಡ್ಡ ಕಿರುತೆರೆ ಪ್ರಶಸ್ತಿಯ ಮೊದಲ ಫಲ ಒಬ್ಬ ವಿದ್ಯಾರ್ಥಿನಿಗೂ ಅವಳ ಗೊಂಬೆಗೂ ಸಂದಿತೆಂಬುದು ನನಗೆ ಬಹಳ ಹಿಡಿಸಿತು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೂ ಅದಕ್ಕೂ ಅಂಥ ಅಂತರವೇನೂ ಇರಲಿಲ್ಲ ಎಂಬ ಸಮಾಧಾನವೂ ಆಯಿತು.

ವಾರ್ಷಿಕೋತ್ಸವದ ನೆನಪು ಅಂದು ಮತ್ತೆ ಮತ್ತೆ ಬರುತ್ತಲೇ ಇತ್ತು. ಎಮ್ಮಿಯಲ್ಲಿ ನೂರಕ್ಕೂ ಮಿಕ್ಕಿದ ವಿಭಾಗಗಳಿವೆ. ಕೇಶಾಲಂಕಾರ, ಧ್ವನಿ, ಸಂಕಲನ, ಸಾಹಸ, ಉಡುಪು ಇತ್ಯಾದಿ. ಇವೆಲ್ಲವನ್ನೂ ಒಂದೇ ರಾತ್ರಿ ಕೊಡುವುದು ಅಸಾಧ್ಯವಾದ್ದರಿಂದ ಬಹುಪಾಲನ್ನು ಒಂದು ವಾರ ಮೊದಲೇ, ಬೇರೆಯೇ ಸಮಾರಂಭದಲ್ಲಿ ವಿತರಿಸಿಬಿಡುತ್ತಾರೆ. ನಾವೂ ಅದನ್ನೇ ಮಾಡುತ್ತಿದ್ದೆವು! ನಿಂಬೆಹಣ್ಣು-ಚಮಚದ ಓಟ, ಗೋಣಿಚೀಲದ ಓಟ, ಅಂದವಾದ ಬರವಣಿಗೆ, ರಂಗೋಲಿ ಇವುಗಳ ಬಹುಮಾನಗಳನ್ನು ಮುಖ್ಯ ಅತಿಥಿಗಳ ಜೀಪು ಬರುವುದಕ್ಕೆ ಮುಂಚೆಯೇ ಗಡಿಬಿಡಿಯಲ್ಲಿ ಹಂಚಿ, ಭಾಷಣ ಸ್ಪರ್ಧೆ, ಏಕಪಾತ್ರಾಭಿನಯ, ನಾಟಕ ಮುಂತಾದವನ್ನು ಅವರ ಕೈಗೆ ಉಳಿಸುತ್ತಿದ್ದೆವು. ರಂಗೋಲಿಯ ಹುಡುಗಿಯರ ಮುಖ ಆಗ ಹೇಗಾಗುತ್ತಿತ್ತೆಂಬುದನ್ನು ನಾವು ಯಾರೂ ನೋಡುತ್ತಿರಲಿಲ್ಲ.

ಅಂದಿನ ನಿರೂಪಕ ನೇಟ್ ಬಾರ್ಗಾಟ್ಸಿ ಎಂಬ ಹಾಸ್ಯಗಾರ ಒಂದು ಪಂದ್ಯ ಹೂಡಿದರು. ಬಾಲಕ ಬಾಲಕಿಯರ ಸಂಸ್ಥೆಯೊಂದಕ್ಕೆ ಒಂದು ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿ, ಗೆದ್ದವರು ನಲವತ್ತೈದು ಸೆಕೆಂಡು ಮೀರಿ ಮಾತನಾಡಿದರೆ ಪ್ರತಿ ಸೆಕೆಂಡಿಗೆ ಸಾವಿರ ಡಾಲರ್ ಕಡಿತ, ಬೇಗ ಮುಗಿಸಿದರೆ ಉಳಿಸಿದ ಪ್ರತಿ ಸೆಕೆಂಡಿಗೆ ಸಾವಿರ ಸೇರ್ಪಡೆ ಎಂದರು. ಬಂದವರೆಲ್ಲ ತಂದೆ, ತಾಯಿ, ಹೆಂಡತಿ, ವಕೀಲ, ಏಜೆಂಟ್ ಎಲ್ಲರಿಗೂ ವಂದನೆ ಸಲ್ಲಿಸಿದ್ದರಿಂದ ತೆರೆಯ ಮೇಲಿನ ಮೊತ್ತ ಇಳಿಯುತ್ತ ಇಳಿಯುತ್ತ ಸೊನ್ನೆಗಿಂತಲೂ ಕೆಳಗೆ ಹೋಯಿತು. ಕೊನೆಯಲ್ಲಿ ಆ ಹಾಸ್ಯಗಾರರೂ ವಾಹಿನಿಯವರೂ ಸೇರಿ ಮೂರೂವರೆ ಲಕ್ಷ ಡಾಲರ್ ಕೊಟ್ಟರೆನ್ನಿ. ನಮ್ಮ ಶಾಲೆಯಲ್ಲಿ ಈ ನಿಯಮವನ್ನು ವಂದನಾರ್ಪಣೆಗೆ ಅನ್ವಯಿಸಿದ್ದರೆ ಕಟ್ಟಡದ ಹೆಂಚೂ ಉಳಿಯುತ್ತಿರಲಿಲ್ಲ. "ಮೈಕ್ ಸೆಟ್ಟಿನವರಿಗೂ, ಶಾಮಿಯಾನದವರಿಗೂ, ಮಳೆ ಬಾರದಂತೆ ಕೃಪೆ ತೋರಿದ ವರುಣದೇವನಿಗೂ" ಎಂದು ಒಬ್ಬ ಸಹೋದ್ಯೋಗಿಗಳು ಪ್ರತಿ ವರ್ಷ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ನೋವಾ ವೈಲಿ ಎಂಬ ನಟನಿಗೆ ಪ್ರಶಸ್ತಿ ಬಂತು. ಮಗಳು ಚಪ್ಪಾಳೆ ತಟ್ಟಿದಳು. ಈತ ಹಿಂದೆ 'ಇ.ಆರ್.' ಎಂಬ ಆಸ್ಪತ್ರೆಯ ಧಾರಾವಾಹಿಯಲ್ಲಿ ಎಳೆಯ ವೈದ್ಯನ ಪಾತ್ರ ಮಾಡಿ ಐದು ಸಲ ನಾಮನಿರ್ದೇಶನಗೊಂಡು ಐದು ಸಲವೂ ಬರಿಗೈಯಲ್ಲಿ ಮರಳಿದವರಂತೆ. ಕಾಲು ಶತಮಾನ ಕಳೆದ ಮೇಲೆ 'ದ ಪಿಟ್' ಎಂಬ ಇನ್ನೊಂದು ಆಸ್ಪತ್ರೆಯ ಕಥೆಯಲ್ಲಿ ಹಿರಿಯ ವೈದ್ಯನಾಗಿ ನಟಿಸಿ ಮೊದಲ ಸಲ ಗೆದ್ದರು. "ಇದೇನು ಮಹಾ, ಸೂಸನ್ ಲೂಚಿ ಕಥೆ ಕೇಳಿ ಅಪ್ಪಾ" ಎಂದು ಮಗಳು ಹೇಳತೊಡಗಿದಳು. ಹಗಲು ಹೊತ್ತಿನ ಧಾರಾವಾಹಿಗಳಿಗೆ ಅಲ್ಲಿ ಬೇರೆಯೇ ಎಮ್ಮಿ ಇದೆ. 'ಆಲ್ ಮೈ ಚಿಲ್ಡ್ರನ್' ಎಂಬ ಧಾರಾವಾಹಿಯಲ್ಲಿ 1970ರಿಂದ ಒಂದೇ ಪಾತ್ರವನ್ನು ಮಾಡುತ್ತ ಬಂದ ಈ ನಟಿಗೆ 1978ರಲ್ಲಿ ಮೊದಲ ನಾಮನಿರ್ದೇಶನ. ಸೋತರು. ಹಾಗೆ ಹದಿನೆಂಟು ಸಲ ಸೋತರು. ಇವರ ಸೋಲು ದೇಶದ ತಮಾಷೆಯೇ ಆಗಿಹೋಯಿತು. ತಾವೂ ಆ ತಮಾಷೆಯಲ್ಲಿ ಭಾಗಿಯಾಗಿ ನಕ್ಕರು. 1999ರ ಮೇ ತಿಂಗಳಲ್ಲಿ, ಹತ್ತೊಂಬತ್ತನೆಯ ಸಲ, ಹೆಸರು ಕೂಗಿದಾಗ ಸಭಾಂಗಣವೆಲ್ಲ ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ನಿಲ್ಲಿಸಲಿಲ್ಲ. ಮಗಳು ತನ್ನ ಫೋನಿನಲ್ಲಿ ಅದನ್ನು ತೋರಿಸಿದಳು. ಆ ತಾಯಿ ನಂಬಲಾರದೆ ಕುರ್ಚಿಯಲ್ಲೇ ಕುಳಿತಿದ್ದರು.

ಇಷ್ಟರವರೆಗೂ ನಾನು ಹಗುರವಾಗಿಯೇ ಇದ್ದೆ.

ಆಮೇಲೆ ಓವೆನ್ ಕೂಪರ್ ಎಂಬ ಇಂಗ್ಲಿಷ್ ಹುಡುಗನ ಹೆಸರು ಬಂತು. ವಯಸ್ಸು ಹದಿನೈದು. ನಮ್ಮಲ್ಲಾದರೆ ಎಸ್.ಎಸ್.ಎಲ್.ಸಿ.ಯ ಬೆಂಚಿನ ಮೇಲೆ ಕುಳಿತಿರಬೇಕಾದವನು. ನಟನೆಗಾಗಿ ಎಮ್ಮಿ ಪಡೆದ ಗಂಡಸರಲ್ಲೇ ಅತಿ ಕಿರಿಯನಂತೆ. 'ಅಡಾಲೆಸೆನ್ಸ್' ಎಂಬ ನಾಲ್ಕು ಕಂತುಗಳ ಕಥೆ ಅದು. ಅದೇ ವರ್ಷದ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಾಗ ಮಗಳ ಒತ್ತಾಯಕ್ಕೆ ನಾನೂ ನೋಡಿದ್ದೆ. ಹದಿಮೂರು ವರ್ಷದ ಶಾಲಾ ಬಾಲಕನೊಬ್ಬ ತನ್ನ ಶಾಲೆಯ ಹುಡುಗಿಯನ್ನು ಕೊಂದ ಆರೋಪದ ಮೇಲೆ ಬೆಳಗಿನ ಜಾವ ಬಂಧನಕ್ಕೊಳಗಾಗುತ್ತಾನೆ. ಪ್ರತಿ ಕಂತೂ ಕ್ಯಾಮೆರಾವನ್ನು ಒಮ್ಮೆಯೂ ನಿಲ್ಲಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿದ್ದು. ಮೂರನೆಯ ಕಂತಿನಲ್ಲಿ ಆ ಹುಡುಗನೂ ಮನಶ್ಶಾಸ್ತ್ರಜ್ಞೆಯೂ ಒಂದು ಕೋಣೆಯಲ್ಲಿ ಎದುರುಬದುರು ಕುಳಿತು ಮಾತನಾಡುತ್ತಾರೆ, ಹೆಚ್ಚುಕಡಿಮೆ ಅಷ್ಟೇ. ಮೂವತ್ತಮೂರು ವರ್ಷ ಆ ವಯಸ್ಸಿನ ಮಕ್ಕಳ ಮುಂದೆ ನಿಂತವನು ನಾನು. ಆ ಮಗು ಕ್ಷಣದಲ್ಲಿ ಮುದ್ದಾಗಿಯೂ ಮರುಕ್ಷಣ ಭಯ ಹುಟ್ಟಿಸುವಂತೆಯೂ ಆಗುವುದನ್ನು ನೋಡಿ ಅಂದು ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಅವನು ಅದಕ್ಕೆ ಮುಂಚೆ ಎಲ್ಲೂ ನಟಿಸಿದವನಲ್ಲವಂತೆ. ಮೊದಲು ಚಿತ್ರೀಕರಿಸಿದ್ದೇ ಆ ಮೂರನೆಯ ಕಂತನ್ನಂತೆ.

ಕರಿಯ ಕೋಟು ತೊಟ್ಟ ಆ ಹುಡುಗ ವೇದಿಕೆಗೆ ಬಂದು, ಮೂರು ವರ್ಷಗಳ ಹಿಂದೆ ತಾನು ಏನೂ ಆಗಿರಲಿಲ್ಲವೆಂದೂ, ಪ್ರಶಸ್ತಿಯ ಮೇಲೆ ತನ್ನ ಹೆಸರಿದ್ದರೂ ಅದು ಕ್ಯಾಮೆರಾದ ಹಿಂದಿದ್ದವರಿಗೆ ಸೇರಿದ್ದೆಂದೂ ಹೇಳಿದ. ಶ್ರೀಮತಿ "ಕೂಸು, ಎಷ್ಟು ಚಂದ ಮಾತಾಡ್ತದ" ಎಂದಳು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಅಡಿಗೆಮನೆಗೆ ಹೋದೆ.

ಇನ್ನು ಹೇಳಬೇಕಾದುದನ್ನು ಮೂವತ್ತಾರು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ.

1989ರ ಜನವರಿ. ತೀರ್ಥಹಳ್ಳಿ ತಾಲೂಕಿನ ಒಂದು ಊರಿನ ಖಾಸಗಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. 'ಮಾಲ್ಗುಡಿ ಡೇಸ್' ನಮ್ಮ ಪಕ್ಕದ ಆಗುಂಬೆಯಲ್ಲೇ ಚಿತ್ರೀಕರಣಗೊಂಡು ದೂರದರ್ಶನದಲ್ಲಿ ಬಂದು ಹೋದ ಮೇಲೆ, ಅದರ ಸ್ವಾಮಿಯ ಪಾತ್ರಧಾರಿ ಮಾಸ್ಟರ್ ಮಂಜುನಾಥನನ್ನು ನೋಡಿ ನಮ್ಮ ಸುತ್ತಿನ ಹುಡುಗರೆಲ್ಲರಿಗೂ ನಟರಾಗುವ ಹುಚ್ಚು ಹಿಡಿದ ಕಾಲ. ಆ ವರ್ಷದ ವಾರ್ಷಿಕೋತ್ಸವಕ್ಕೆ ನಾನೇ 'ಶ್ರವಣಕುಮಾರ' ಎಂಬ ಮುಕ್ಕಾಲು ಗಂಟೆಯ ನಾಟಕ ಬರೆದು ಆಡಿಸಿದೆ. ಶ್ರವಣನ ಅಂಧ ತಂದೆಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಗಡ್ಡ ಅಂಟಿಸಿಕೊಂಡು ಮೂಲೆಯಲ್ಲಿ ಕೂರುವ ಪಾತ್ರ. ಕೊನೆಗೆ ಅಡಿಕೆ ತೋಟದಲ್ಲಿ ಕೂಲಿ ಮಾಡುವವರ ಮಗನೊಬ್ಬ, ನಾಲ್ಕು ಮೈಲಿ ನಡೆದು ಶಾಲೆಗೆ ಬರುತ್ತಿದ್ದವನು, ಕೈ ಎತ್ತಿದ.

ತಾಲೀಮಿನಲ್ಲಿ ನಾನು, "ಕಣ್ಣು ಮುಚ್ಚಿಕೋ, ಕೈ ಮುಂದೆ ಚಾಚು" ಎಂದು ಸಿನಿಮಾದಲ್ಲಿ ನೋಡಿದ್ದನ್ನು ಹೇಳಿಕೊಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನಮ್ಮಜ್ಜಿಗೆ ಕಣ್ಣು ಕಾಣೂದಿಲ್ಲ. ಆದ್ರೆ ಅವ್ಳು ಕಣ್ಣು ಮುಚ್ಚೂದಿಲ್ಲ. ಕಿವಿ ತಿರುಗಿಸ್ತಾಳೆ" ಎಂದ. ಹಾಗೆಯೇ ಮಾಡು ಎಂದೆ. ನಾಟಕದ ದಿನ, ದಶರಥ ನೀರಿನ ಕಮಂಡಲು ಹಿಡಿದು ಬಂದಾಗ, ಇವನು ತೆರೆದ ಕಣ್ಣುಗಳನ್ನು ಎಲ್ಲೋ ನೆಟ್ಟು ಬಲಗಿವಿಯನ್ನು ಮೆಲ್ಲಗೆ ಆ ಕಡೆ ಹೊರಳಿಸಿದ. ಹೆಜ್ಜೆ ಮಗನದಲ್ಲ ಎಂಬುದು ಅವನಿಗೆ ತಿಳಿದದ್ದು ನಮಗೆಲ್ಲರಿಗೂ ತಿಳಿಯಿತು. ನಾನು ಬರೆದುಕೊಟ್ಟದ್ದು "ಯಾರದು?" ಎಂಬ ಒಂದು ಮಾತು. ಅವನು ಅದನ್ನೂ ಆಡಲಿಲ್ಲ. ನೀರಿಗಾಗಿ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡ. ಹೆಂಗಸರು ಕುಳಿತಿದ್ದ ಕಡೆ ಸೆರಗುಗಳು ಕಣ್ಣಿಗೆ ಹೋದವು. ಪರದೆ ಎಳೆಯಬೇಕಾದ ಜವಾನ ಎಳೆಯುವುದನ್ನು ಮರೆತು ನಿಂತಿದ್ದ.

ತೀರ್ಪುಗಾರರು ಮೂವರು: ದೈಹಿಕ ಶಿಕ್ಷಕರು, ಹಿಂದಿ ಪಂಡಿತರು, ನಾನು. ಉತ್ತಮ ನಟನಿಗೆ ಹೆಸರು ಕೊರೆಸಿದ ಸ್ಟೀಲ್ ಲೋಟ. ನಾಟಕವಾದ ಮರುದಿನ ಸಂಜೆ ಬಹುಮಾನ ವಿತರಣೆ. ಅಂಕಪಟ್ಟಿ ನನ್ನ ಬಳಿ. ಐವತ್ತಕ್ಕೆ ಅವರಿಬ್ಬರೂ ಆ ಹುಡುಗನಿಗೆ 41, 39 ಕೊಟ್ಟಿದ್ದರು, ನಾನು 47. ದಶರಥನಾಗಿದ್ದವನಿಗೆ 40, 40, ನನ್ನದು 38. ದಶರಥ ಆಡಳಿತ ಮಂಡಳಿಯ ಅಧ್ಯಕ್ಷರ ಅಣ್ಣನ ಮಗ. ಕಿರೀಟವೂ ರೇಷ್ಮೆ ಪಂಚೆಯೂ ಅವರ ಮನೆಯಿಂದಲೇ ಬಂದಿದ್ದವು. ಹುಡುಗ ಕೆಟ್ಟ ನಟನೇನಲ್ಲ, ಕಿರೀಟ ಬೀಳದಂತೆ ನೋಡಿಕೊಂಡ.

ಬೆಳಿಗ್ಗೆ ಪಾತ್ರೆ ಅಂಗಡಿಗೆ ಹೊರಟವನನ್ನು ಮುಖ್ಯೋಪಾಧ್ಯಾಯರು ಕರೆದರು. ಇಂಥವನಿಗೇ ಕೊಡಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಇಂದು ನನಗೊಂದು ನೆಪವಾದರೂ ಇರುತ್ತಿತ್ತು. "ಸಂಜೆ ಅಧ್ಯಕ್ಷರ ಮನೆಯವರೆಲ್ಲ ಬರುತ್ತಾರೆ. ಹಾಂ, ನಿಮ್ಮ ಅಪ್ರೂವಲ್ ಕಡತ ಅವರ ಮೇಜಿನ ಮೇಲೇ ಇದೆಯಂತೆ" ಎಂದರು, ಅಷ್ಟೇ. ಶಾಲೆಗೆ ಅನುದಾನ ಬಂದಿದ್ದರೂ ನನ್ನ ಹುದ್ದೆಗೆ ಅನುಮೋದನೆ ಸಿಕ್ಕಿರಲಿಲ್ಲ. ಐದು ವರ್ಷದಿಂದ ಮಂಡಳಿ ಕೊಟ್ಟಷ್ಟು ಸಂಬಳ. ಮನೆಯಲ್ಲಿ ಏಳು ತಿಂಗಳ ಮಗಳು. ಈಗ ನ್ಯೂಜೆರ್ಸಿಯಲ್ಲಿ ಜೋಳದ ಅರಳು ತಿನ್ನುತ್ತ ಕುಳಿತಿದ್ದಾಳಲ್ಲ, ಅವಳೇ. ನಾನು ಸ್ಟಾಫ್ ರೂಮಿಗೆ ಹಿಂದಿರುಗಿ 47ನ್ನು ಹೊಡೆದು 37 ಎಂದು ಬರೆದೆ. ಒಟ್ಟು 117 ಮತ್ತು 118. ಒಂದೇ ಅಂಕದ ಅಂತರ ಸಹಜವಾಗಿ ಕಾಣುತ್ತದೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಪಾತ್ರೆ ಅಂಗಡಿಯವನು ಲೋಟದ ಮೇಲೆ ದಶರಥನ ಹೆಸರನ್ನು ಟಕಟಕನೆ ಕೊರೆದುಕೊಟ್ಟ. ಅಂಧ ತಂದೆಗೆ ಸಮಾಧಾನಕರ ಬಹುಮಾನವೆಂದು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ.

ಎಮ್ಮಿಯಲ್ಲಿ ನಟರಿಗೆ ನಟರೇ, ನಿರ್ದೇಶಕರಿಗೆ ನಿರ್ದೇಶಕರೇ ನಾಮನಿರ್ದೇಶನದ ಮತ ಹಾಕುತ್ತಾರೆ. ಅಕಾಡೆಮಿಯ ಸದಸ್ಯರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಮತಗಳನ್ನು ಎಣಿಸಿ ಲಕೋಟೆಗೆ ಮೊಹರು ಹಾಕುವುದು ಹೊರಗಿನ ಲೆಕ್ಕಪರಿಶೋಧಕ ಸಂಸ್ಥೆ. ಅಷ್ಟೆಲ್ಲ ಏಕೆ ಬೇಕೆಂಬುದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಕುಳಿತ; ಬೆಂಗಳೂರಿಗೆ ಹೋಗಿ ಹೋಟೆಲಿನಲ್ಲಿದ್ದಾನೆಂದು ಕೇಳಿದೆ. ಮುಂದಿನ ವರ್ಷ ನನ್ನ ಕಡತಕ್ಕೆ ಸಹಿ ಬಿತ್ತು. 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ, 2006ರಲ್ಲಿ ಜೀ ಕನ್ನಡ ಬಂದವು, ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳನ್ನು ನಾವು ಊಟದ ಹೊತ್ತನ್ನೇ ಬದಲಿಸಿಕೊಂಡು ನೋಡಿದೆವು. ಒಂದು ಸಂಜೆ, 2012ರಲ್ಲಿರಬೇಕು, ಯಾವುದೋ ಧಾರಾವಾಹಿಯಲ್ಲಿ ಪೊಲೀಸ್ ಪೇದೆಯೊಬ್ಬ ಸಾಹೇಬರ ಮಾತಿಗೆ ಕಿವಿ ಹೊರಳಿಸಿದ. ಮುಖಕ್ಕಿಂತ ಮೊದಲು ಆ ಕಿವಿಯ ಗುರುತು ಹತ್ತಿತು. ಅನಂತರ ಅವನು ಪೂಜಾರಿ, ಡಾಕ್ಟರ್, ದಲ್ಲಾಳಿ, ಮನೆ ಆಳು ಎಲ್ಲವೂ ಆದ. ಒಂದು ಧಾರಾವಾಹಿಯಲ್ಲಂತೂ ಮೂರು ವರ್ಷ ಅಡಿಗೆ ಭಟ್ಟ. ಶ್ರೀಮತಿಗೆ ಆ ಭಟ್ಟನೆಂದರೆ ಅಚ್ಚುಮೆಚ್ಚು. ತನ್ನ ಗಂಡನ ಶಿಷ್ಯನೆಂದು ಓಣಿಗೆಲ್ಲ ಹೇಳಿದ್ದಾಳೆ.

2018ರಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದರು. ನನಗೆ ಶಾಲು ಹೊದಿಸಲು ವೇದಿಕೆಗೆ ಬಂದವನು ಅವನೇ. ಕಾಲಿಗೆ ನಮಸ್ಕರಿಸಿದ. ನನ್ನ ಕೈ ಅವನ ತಲೆಯ ಮೇಲೆ ಎಷ್ಟು ಹೊತ್ತು ಇತ್ತೋ ತಿಳಿಯದು.

ನಮ್ಮ ವಾಹಿನಿಗಳ ಪ್ರಶಸ್ತಿ ಸಮಾರಂಭಗಳನ್ನು ನೀವು ಬಲ್ಲಿರಿ. ಎಮ್ಮಿಯಲ್ಲಿ ಎಲ್ಲ ವಾಹಿನಿಗಳ ಕಾರ್ಯಕ್ರಮಗಳೂ ಒಂದೇ ಕಣದಲ್ಲಿ. ಇಲ್ಲಿ ಹೆಚ್ಚಾಗಿ ಪ್ರತಿಯೊಂದು ವಾಹಿನಿಯೂ ತನ್ನ ಧಾರಾವಾಹಿಗಳಿಗೆ ತಾನೇ ಕೊಟ್ಟುಕೊಳ್ಳುತ್ತದೆ. ಉತ್ತಮ ಅತ್ತೆ, ಉತ್ತಮ ಸೊಸೆ, ಉತ್ತಮ ಜೋಡಿ. ಆಯ್ಕೆ ವೀಕ್ಷಕರ ಮತದಿಂದ. ಇದನ್ನು ಹಾಸ್ಯ ಮಾಡುವವರಿದ್ದಾರೆ. ನಾನು ಮಾಡಲಾರೆ. ದಿನಕ್ಕೆ ಹನ್ನೆರಡು ಗಂಟೆ ಬಣ್ಣ ಹಚ್ಚಿಕೊಂಡು, ಗುರುವಾರ ಗುರುವಾರ ಬರುವ ಟಿ.ಆರ್.ಪಿ. ಅಂಕಿಗಳಿಗೆ ಹೆದರುತ್ತ ದುಡಿಯುವವರಿಗೆ ವರ್ಷಕ್ಕೊಂದು ಸಂಜೆ ಹೊಸ ಬಟ್ಟೆ ತೊಟ್ಟು ಚಪ್ಪಾಳೆ ಕೇಳಬೇಕೆನಿಸಿದರೆ ತಪ್ಪೇನು? 2022ರಲ್ಲಿ ಒಂದು ವಾಹಿನಿಯ ಪೋಷಕ ನಟರ ಪಟ್ಟಿಯಲ್ಲಿ ನಮ್ಮ ಭಟ್ಟನ ಹೆಸರಿತ್ತು. ಶ್ರೀಮತಿ ಫೋನಿನಲ್ಲಿ ಮತ ಒತ್ತಿದ್ದೇ ಒತ್ತಿದ್ದು. ಬರಲಿಲ್ಲ. ಗೆದ್ದವನು ವೇದಿಕೆಗೆ ಹೋಗುವಾಗ ಕ್ಯಾಮೆರಾ ಒಂದು ಕ್ಷಣ ಇವನ ಮೇಲೆ ಹಾಯಿತು. ನಗುತ್ತ ಚಪ್ಪಾಳೆ ತಟ್ಟುತ್ತಿದ್ದ. ಸೋಪಿನ ಡಬ್ಬಿ ಹಿಡಿದು ಮೆಟ್ಟಿಲಿಳಿದಾಗಲೂ ಅವನು ಹೀಗೆಯೇ ನಕ್ಕಿದ್ದ.

ಎಮ್ಮಿಯ ಮರುದಿನ ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ ಹನ್ನೆರಡು, ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ. ಫೋನ್ ಮಾಡಿದೆ.

"ಸಾರ್! ಅಮೆರಿಕದಿಂದಲಾ? ಹುಷಾರಿದ್ದೀರಿ ತಾನೆ? ಅಮ್ಮ ಹೇಗಿದ್ದಾರೆ?" ಅವನು ಇನ್ನೂ ಶೂಟಿಂಗ್ ಮನೆಯಲ್ಲಿದ್ದ. ಆ ಇಂಗ್ಲಿಷ್ ಹುಡುಗನ ವಿಷಯ ಎತ್ತಿದೆ. ಅವನು ಅದನ್ನು ಮಗಳ ಜೊತೆ ಕುಳಿತು ಎರಡು ಸಲ ನೋಡಿದ್ದನಂತೆ. "ಅವರು ಒಂದು ಕಂತಿಗೆ ವಾರಗಟ್ಟಲೆ ತಾಲೀಮು ಮಾಡ್ತಾರೆ ಸಾರ್, ಸರಿ ಬರಲಿಲ್ಲ ಅಂದ್ರೆ ಮೊದಲಿಂದ ಹತ್ತು ಸಲ ತೆಗೀತಾರೆ. ನಮ್ಮದು ದಿನಕ್ಕೊಂದು ಕಂತು ಮುಗೀಬೇಕು. ಮಾತು ಕೈಗೆ ಬರೋದೇ ಬಣ್ಣ ಹಚ್ಚುವಾಗ. ಆದರೂ ಆ ಹುಡುಗ ಆಕಳಿಸ್ತಾನಲ್ಲ ಸಾರ್ ಒಂದು ಕಡೆ, ನೋಡಿದ್ರಾ?" ನಾನು ಅದನ್ನು ಗಮನಿಸಿರಲಿಲ್ಲ.

ಆಮೇಲೆ ಹೇಳಿದೆ. ಪೀಠಿಕೆ ಹಾಕಲು ಹೋಗಿ ಮಾತು ತೊಡರಿತು. 47, 37, ಕಡತ, ಲೋಟ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಆ ಕಡೆ ಯಾರೋ ಕುರ್ಚಿ ಎಳೆದ ಸದ್ದು. ಅವನು, "ಗೊತ್ತಿತ್ತು ಸಾರ್" ಎಂದ.

"ಯಾರು ಹೇಳಿದರಪ್ಪಾ?"

"ಯಾರೂ ಹೇಳಲಿಲ್ಲ. ನಿಮಗೆ ಕನ್ನಡಕ ಇಲ್ಲದೆ ಹತ್ತಿರದ ಅಕ್ಷರ ಕಾಣಲ್ಲ ಅಂತ ಇಡೀ ಕ್ಲಾಸಿಗೆ ಗೊತ್ತಿತ್ತಲ್ಲ. ಅವತ್ತು ಬಾಕಿ ಹೆಸರೆಲ್ಲ ಕನ್ನಡಕ ಹಾಕ್ಕೊಂಡು ಓದಿದ್ರಿ. ಉತ್ತಮ ನಟ ಅಂದ್ರಿ, ಕನ್ನಡಕ ತೆಗೆದ್ರಿ, ಪಂಚೆ ತುದೀಲಿ ಒರೆಸ್ತಾ ಹೆಸರು ಕೂಗಿದ್ರಿ. ಚೀಟಿ ಕೈಯಲ್ಲೇ ಇತ್ತು. ನೀವು ಓದಲಿಲ್ಲ ಸಾರ್, ಹೇಳಿದ್ರಿ."

ನನಗೆ ಮಾತು ಹೊರಡಲಿಲ್ಲ. ಕನ್ನಡಕ ತೆಗೆದದ್ದು ನನಗೆ ನೆನಪೇ ಇರಲಿಲ್ಲ.

"ಬಹಳ ದಿನ ಸಿಟ್ಟಿತ್ತು" ಎಂದ. ಸ್ವಲ್ಪ ತಡೆದು, "ಆಮೇಲೆ ಅದನ್ನು ಒಂದು ಸೀನಿಗೆ ಹಾಕಿದೆ ಸಾರ್. ಯಜಮಾನರ ಮುಂದೆ ಸುಳ್ಳು ಲೆಕ್ಕ ಒಪ್ಪಿಸೋ ಗುಮಾಸ್ತ. ಡೈರೆಕ್ಟ್ರು ಇದು ಎಲ್ಲಿಂದ ತಂದ್ರಿ ಅಂದ್ರು. ನಮ್ಮ ಮೇಷ್ಟ್ರು ಕಲಿಸಿದ್ದು ಅಂದೆ."

ಅದನ್ನು ಅವನು ಕುಹಕವಾಗಿ ಹೇಳಿದನೋ, ಅಭಿಮಾನದಿಂದ ಹೇಳಿದನೋ ಎಂದು ಅಂದಿನಿಂದಲೂ ಯೋಚಿಸುತ್ತಿದ್ದೇನೆ. ದನಿ ಸಮವಾಗಿತ್ತು. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ, ಕ್ಷಮಿಸೆಂದು ಕೇಳುವ ಬಾಯಿ ನನಗೂ ಬರಲಿಲ್ಲ. "ಶಾಟ್ ರೆಡಿ ಅಂತ ಕರೀತಿದ್ದಾರೆ ಸಾರ್. ಅಲ್ಲಿ ಚಳಿ ಶುರುವಾಗುತ್ತೆ, ಸ್ವೆಟರ್ ಹಾಕ್ಕೊಳ್ಳಿ" ಎಂದು ಫೋನ್ ಇಟ್ಟ.

ಸಂಜೆ ಮಗಳಿಗೆ ಹೇಳಿ ಆ ಧಾರಾವಾಹಿಯ ಆ ಕಂತನ್ನು ಹುಡುಕಿಸಿದೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಸಿಕ್ಕಿತು. ನಾನೇ ಹಿಂದೆ ನೋಡಿ, ಭಲೇ ಎಂದು ತಲೆದೂಗಿದ್ದ ದೃಶ್ಯ ಅದು. ಗುಮಾಸ್ತ ಒಂದೊಂದೇ ಬಾಬತ್ತನ್ನು ಓದುತ್ತಾನೆ, ಕೊನೆಯದಕ್ಕೆ ಬಂದಾಗ ಕನ್ನಡಕ ತೆಗೆಯುತ್ತಾನೆ, ಪಂಚೆಯ ತುದಿಯಿಂದ ಒರೆಸುತ್ತ ಮೊತ್ತವನ್ನು ಹೇಳುತ್ತಾನೆ. ಒರೆಸುವ ಬೆರಳು ಗಾಜಿನ ಮೇಲೆ ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು ತಿರುಗುತ್ತದೆ. ಮೂರನೆಯ ಸಲ ನೋಡುತ್ತಿದ್ದಾಗ ಶ್ರೀಮತಿ ಹಿಂದೆ ಬಂದು ನಿಂತಿದ್ದಳು. "ಅಯ್ಯ, ಥೇಟ್ ನಿಮ್ಮ ಹಂಗ ಒರಸ್ತಾನಲ್ರೀ!" ಎಂದು ನಕ್ಕಳು.

ಅಂದು ರಾತ್ರಿ ಅವಳಿಗೆ ಎಲ್ಲವನ್ನೂ ಹೇಳಿದೆ. ಹಾಸಿಗೆಯ ಮೇಲೆ ಎದ್ದು ಕುಳಿತು ಕೇಳಿದಳು. ಬಹಳ ಹೊತ್ತಿನ ಮೇಲೆ, "ಆ ಲೋಟದ ಕಿಮ್ಮತ್ತು ಎಷ್ಟಿತ್ತು?" ಎಂದಳು.

ಹದಿನೆಂಟು ರೂಪಾಯಿ, ಹೆಸರು ಕೊರೆದದ್ದಕ್ಕೆ ಮೇಲೆ ಒಂದು ರೂಪಾಯಿ ಎಂದೆ.